ದೇವರ ಮುಂದಿನ ಮಂಕು ಚೌಕ

ನಮ್ಮ ಮನೆಗೆ ಹೊಸದಾಗಿ ಬಂದವರು ಹೊಸಿಲಿನಾಚೆಯೇ ನಿಂತು, "ಈಗ ತಾನೆ ನೆಲ ಒರೆಸಿದ್ದೀರಾ? ಒಣಗಲಿ ಬಿಡಿ, ಇಲ್ಲೇ ನಿಂತಿರ್ತೀನಿ" ಎನ್ನುತ್ತಿದ್ದರು. ನೆಲ ಒಣಗಿಯೇ ಇರುತ್ತಿತ್ತು. ಹೊಳೆಯುತ್ತಿದ್ದದ್ದು ನೀರಲ್ಲ, ನನ್ನ ಯಜಮಾನರ ಕೈಕೆಲಸ. ಕಲ್ಲಿನ ನೆಲಕ್ಕೆ ಪಾಲಿಶ್ ಮಾಡುವುದು ಅವರ ಕಸುಬು. ಅಂಗಡಿ, ಆಸ್ಪತ್ರೆ, ಉಳ್ಳವರ ಮನೆ, ಎಲ್ಲ ಕಡೆ ಮೆಷಿನ್ ಹೊತ್ತು ತಿರುಗಿದವರು. ಒರಟು ಕಲ್ಲಿನಿಂದ ಶುರುಮಾಡಿ, ನೀರು ಹನಿಸುತ್ತ, ಒಂದಕ್ಕಿಂತ ಒಂದು ನಯವಾದ ಕಲ್ಲಿನಿಂದ ಉಜ್ಜುತ್ತ ಹೋದರೆ ಕೊನೆಗೊಮ್ಮೆ ನೆಲ ಕಣ್ಣು ತೆರೆಯುತ್ತದೆ ಎಂದು ಅವರು ಹೇಳುತ್ತಿದ್ದರು. ನಮ್ಮ ನಡುಮನೆಯ ಕಪ್ಪು ನೆಲದಲ್ಲಿ ಕಿಟಕಿ ತಲೆಕೆಳಗಾಗಿ ನಿಂತಿರುತ್ತಿತ್ತು. ನನ್ನ ಮೈದುನ ಈ ಕಸುಬು ಕಲಿತದ್ದೂ ಇದೇ ನೆಲದ ಮೇಲೆ, ಅಣ್ಣನಿಂದ ಬೈಸಿಕೊಳ್ಳುತ್ತ.

ಒಂದು ಕಡೆ ಮಾತ್ರ ಹೊಳಪಿರಲಿಲ್ಲ. ಗೋಡೆಗೆ ಒತ್ತಿ ಇಟ್ಟ, ಕಾಲುಗಳಿರುವ ಮರದ ದೇವರ ಗೂಡಿನ ಮುಂದೆ, ಒಬ್ಬರು ನಿಂತು ಕೈಮುಗಿದು ಮಂಡಿಯೂರಿ ಕೂರುವಷ್ಟು ಜಾಗ ಬೂದಿಯ ಬಣ್ಣದಲ್ಲಿ ಮಂಕಾಗಿತ್ತು. ನಾನು ಅದನ್ನು ಮಂಕು ಚೌಕ ಎನ್ನುತ್ತಿದ್ದೆ. ಬಂದವರೆದುರು ಯಜಮಾನರನ್ನು ಕೆಣಕಲು ನನಗೆ ಅದೊಂದು ಸಿಕ್ಕಿತ್ತು.

"ಊರಿನ ನೆಲವನ್ನೆಲ್ಲ ಹೊಳೆಸಿದ್ರು. ದೇವರ ಮುಂದೆ ಬರೋ ಹೊತ್ತಿಗೆ ಇವರಿಗೆ ಸೊಂಟ ನೋವು ಬಂತು."

"ದೇವರಿಗೆ ಮುಖ ನೋಡ್ಕೊಳ್ಳೋ ಚಪಲ ಇಲ್ಲ ಬಿಡು" ಎಂದು ಅವರು ನಗುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ದೇವರು ಅವರನ್ನು ನರಳಿಸದೆ ಕರೆದುಕೊಂಡ. ಅದಕ್ಕಾಗಿ ದಿನವೂ ಅವನಿಗೆ ಕೃತಜ್ಞತೆ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಸ್ವಲ್ಪ ಜಗಳವನ್ನೂ ಆಡುತ್ತೇನೆ. ಅವನು ಎರಡನ್ನೂ ಕೇಳಿಸಿಕೊಳ್ಳುತ್ತಾನೆಂದು ನಂಬಿದ್ದೇನೆ.

ಕೆಲವು ವಾರಗಳಾದ ಮೇಲೆ ಮೊಲದಮ್ಮ ನನ್ನನ್ನು ಮಾತನಾಡಿಸಲು ಬಂದಳು. ಪ್ರಾಣಿಗಳ ಆಸ್ಪತ್ರೆಯ ಹಿಂದೆ ಒಂದು ಶೆಡ್ಡಿದೆ. ಆಸೆಯಿಂದ ಕೊಂಡು, ಸಾಕಲಾರದೆ ಜನ ಬಿಟ್ಟುಹೋದ ಮೊಲಗಳನ್ನು ಅಲ್ಲಿ ಅವಳು ನೋಡಿಕೊಳ್ಳುತ್ತಾಳೆ. ಯಜಮಾನರು ಆ ಆಸ್ಪತ್ರೆಯ ನೆಲದ ಕೆಲಸ ಮಾಡುವಾಗ ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋಗಿ ಕೂರುತ್ತಿದ್ದರು. ಕೆಲಸ ಮುಗಿದ ಮೇಲೂ ಆ ಕಡೆ ಹೋದಾಗಲೆಲ್ಲ ಹೋಗುತ್ತಿದ್ದರು. ಸಂಜೆ ಪ್ಯಾಂಟಿನ ತುಂಬ ಕೂದಲು ಹೊತ್ತು ಬಂದು ಎರಡು ದೊಡ್ಡ ಮೊಲಗಳ ಕಥೆ ಹೇಳುತ್ತಿದ್ದರು. ಗಂಡು ಬೂದುಬಣ್ಣ, ಅದಕ್ಕೆ ಅವರಿಟ್ಟ ಹೆಸರು ಬೂದಣ್ಣ. ಹೆಣ್ಣು ಕಂದುಬಣ್ಣ, ಕೊರಳ ಸುತ್ತ ಶಾಲು ಹೊದ್ದಂತೆ ದಪ್ಪ ಮಡಿಕೆ, ಅದು ಅಮ್ಮಾವ್ರು.

"ಕೂತ್ರೆ ಬೆಕ್ಕು, ಮೈಚಾಚಿ ಮಲಗಿದ್ರೆ ನಾಯಿ" ಎನ್ನುತ್ತಿದ್ದರು. "ಒಂದಿನ ತಂದುಬಿಡೋಣ ಕಣೇ."

"ಮನೆಯೊಳಗಾ?"

"ಮತ್ತೆ? ಅಮ್ಮಾವ್ರನ್ನ ಹಿತ್ತಲಲ್ಲಿ ಕೂರಿಸ್ತೀಯಾ?"

ಆ ಒಂದು ದಿನ ಬರಲಿಲ್ಲ. ಈಗ ಮೊಲದಮ್ಮ ನನ್ನೆದುರು ಕೂತು, ಸೆರಗಿನ ಮೇಲಿನ ಹುಲ್ಲಿನ ಎಳೆಗಳನ್ನು ಒಂದೊಂದೇ ಆರಿಸುತ್ತ ಹೇಳಿದಳು. ಒಂದು ಮನೆಯವರು ತಮ್ಮ ಅಂಗಳಕ್ಕೆ ಬೂದಣ್ಣನನ್ನು ಕೇಳಿದ್ದಾರೆ. ಅವನೊಬ್ಬನನ್ನೇ.

"ಇಷ್ಟು ದೊಡ್ಡ ಮೊಲ, ಅದೂ ಜೋಡಿ, ಯಾರು ತಗೋತಾರಮ್ಮ? ಶೆಡ್ಡಲ್ಲಿ ಜಾಗ ಇಲ್ಲ. ಎಷ್ಟು ದಿನ ಅಂತ ಇಲ್ಲ ಅನ್ಲಿ?"

"ಹೆಣ್ಣು?"

"ಅದಕ್ಕೆ ಒಂದೇ ಕಣ್ಣು. ಕಾಣದಿರೋ ಕಡೆ ಯಾವಾಗಲೂ ಬೂದಣ್ಣ ಇರ್ತಾನೆ. ಅವನ ಮೈ ತಾಗ್ತಾ ಇದ್ರೆ ಮಾತ್ರ ತಿನ್ನುತ್ತೆ. ಹಿಂದೆ ಒಂದ್ಸಲ ಅವನನ್ನ ಔಷಧಿಗೆ ಅಂತ ಬೇರೆ ಇಟ್ಟಾಗ ಹುಲ್ಲು ಮುಟ್ಟಲಿಲ್ಲ. ಮೊಲ ತಿನ್ನೋದು ಬಿಟ್ರೆ ಉಳಿಯಲ್ಲಮ್ಮ."

"ಎರಡನ್ನೂ ನನಗೆ ಕೊಡು" ಎಂದುಬಿಟ್ಟೆ.

ಅವಳು ಕೂಡಲೇ ಹೂಂ ಎನ್ನಲಿಲ್ಲ. ಇದು ಪಂಜರದಲ್ಲಿ ಕೂಡಿಡುವ ಜಾತಿಯಲ್ಲ, ಮನೆಯಲ್ಲಿ ಮಕ್ಕಳ ಹಾಗೆ ಓಡಾಡಬೇಕು. ಮನೆ ಅದಕ್ಕೆ ತಕ್ಕ ಹಾಗಿದೆಯೇ ಎಂದು ತಾನೇ ತಂದು ಇಳಿಸಿ ನೋಡಬೇಕು ಎಂದಳು. ಏನೇನು ಮಾಡಬೇಕೆಂದು ತಾಳ್ಮೆಯಿಂದ ವಿವರಿಸಿದಳು. ಹೋಗುವಾಗ ಚಪ್ಪಲಿ ಮೆಟ್ಟುತ್ತ, "ಒಂದ್ಸಲ ಮೊಲದ ಎತ್ತರದಿಂದ ಮನೆ ನೋಡಿ. ಎಲ್ಲ ತಿಳಿಯುತ್ತೆ" ಎಂದಳು.

ಹಾಗಾಗಿ ಮರುದಿನ ಬೆಳಿಗ್ಗೆ ನಾನು ನಡುಮನೆಯಲ್ಲಿ ಅಂಬೆಗಾಲಿಕ್ಕುತ್ತಿದ್ದೆ. ಅದೇ ಹೊತ್ತಿಗೆ ಮೈದುನನ ಹೆಂಡತಿ ಒಳಗೆ ಬಂದಳು.

"ಅಕ್ಕಾ, ಏನು ಕಳ್ಕೊಂಡ್ರಿ?"

"ಏನೂ ಇಲ್ಲ. ಮೊಲ ಆಗಿದ್ದೀನಿ."

ಅವಳು ಚೀಲ ಕೆಳಗಿಟ್ಟು ಗೋಡೆಗೆ ಒರಗಿ ನಿಂತಳು. "ಭಾವ ಹೋದ ಮೇಲೆ ನಿಮ್ಮನ್ನ ಒಬ್ಬರನ್ನೇ ಬಿಡ್ಬಾರ್ದು ಅಂತ ಇವರಿಗೆ ಹೇಳ್ದೆ. ನನ್ನ ಮಾತು ಯಾರು ಕೇಳ್ತಾರೆ?"

"ಬಾಯಿ ಮುಚ್ಕೊಂಡು ಬಾ. ಆ ಕಪಾಟಿನ ಹಿಂದೆ ಏನಿದೆ ನೋಡು, ನನ್ನ ತಲೆ ಹೋಗ್ತಿಲ್ಲ."

ಬೈದರೂ ಕೆಲಸಕ್ಕೆ ನಿಂತಳು. ನಿಂತು ಓಡಾಡುವಾಗ ಕಾಣದ ವೈರುಗಳೆಲ್ಲ ಕೆಳಗಿನಿಂದ ಬಳ್ಳಿಗಳ ಹಾಗೆ ಕಂಡವು. ಕೆಲವನ್ನು ಗೋಡೆಯ ಮೇಲಕ್ಕೆ ಎತ್ತಿ ಕಟ್ಟಿದೆವು. ಎತ್ತಲಾಗದವಕ್ಕೆ ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿದೆವು. ಕಪಾಟಿನ ಹಿಂದಿನ ಸಂದಿಗೆ ಹಲಗೆ ಇಟ್ಟೆವು. ಬಟ್ಟೆ ನೆನೆಸುವ ಅಗಲದ ಟಬ್ಬಿನಲ್ಲಿ ಕಾಗದದ ಚೂರು ಹಾಸಿ, ಪಕ್ಕದಲ್ಲಿ ಒಣಹುಲ್ಲಿನ ಕಂತೆ ಇಟ್ಟೆವು. ಮೊಲ ಮೇಯುತ್ತಲೇ ಅದರಲ್ಲಿ ಮಲಮೂತ್ರ ಮುಗಿಸುತ್ತದಂತೆ.

"ಒಳ್ಳೆ ಕಾಲ" ಎಂದಳು ವಾರಗಿತ್ತಿ. "ನನ್ನ ಮಕ್ಕಳಿಗೂ ಹೀಗೆ ಒಂದು ಟಬ್ಬು ಇಟ್ಟಿದ್ರೆ ನನ್ನ ಬಾಣಂತನ ಸುಲಭ ಆಗ್ತಿತ್ತು."

ನೆಲಕ್ಕೆ ಹಾಸಲು ಹಳೆಯ ಹೊದಿಕೆಗಳನ್ನು ಮಡಿಸಿ ದಪ್ಪಗೆ ಹೊಲಿದೆ. ಅಡಿಯಲ್ಲಿ ರಬ್ಬರಿರುವ ಹಾಸು ಬೇಡ, ಕಡಿದು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ ಎಂದು ಮೊಲದಮ್ಮ ಎಚ್ಚರಿಸಿದ್ದಳು. ಅಂಗೈ ತಾಗಿಸಿ ನೋಡಿದೆ, ಮೆತ್ತಗಿತ್ತು. ನನ್ನ ಮಟ್ಟಿಗೆ ಮನೆ ಸಿದ್ಧವಾಗಿತ್ತು.

ಮೊಲದಮ್ಮ ಎರಡನ್ನೂ ದೊಡ್ಡ ಬುಟ್ಟಿಯಲ್ಲಿ ತಂದಳು. ಒಂದೊಂದೂ ವರ್ಷದ ಮಗುವಿನ ಭಾರ. ಎದೆಯಡಿ ಒಂದು ಕೈ, ಹಿಂಗಾಲಡಿ ಒಂದು ಕೈ ಕೊಟ್ಟು ಬೂದಣ್ಣನನ್ನು ಎತ್ತಿ ಹಾಸಿನ ಮೇಲೆ ಇಳಿಸಿದಳು. ಅವನು ಮೂಗು ಅಲ್ಲಾಡಿಸಿದ. ಒಂದು ಕಿವಿ ನನ್ನ ಕಡೆ, ಒಂದು ಕಿವಿ ಬಾಗಿಲ ಕಡೆ ತಿರುಗಿತು. ಆಮೇಲೆ ನೆಗೆದ.

ನೆಗೆದ ರಭಸಕ್ಕೆ ಹಾಸು ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು. ಮುಂದೆ ಬಿದ್ದ ಅವನು ಇನ್ನೊಂದು ಹಾಸಿನ ಮೇಲೆ ಇಳಿದ. ಅದು ಅವನನ್ನು ಹೊತ್ತುಕೊಂಡೇ ಸರ್ರನೆ ಹೋಗಿ ಕುರ್ಚಿಯ ಕಾಲಿಗೆ ತಾಗಿತು. ನನಗೆ ನಗು ಬಂತು. ಅಷ್ಟರಲ್ಲಿ ಅವನು ಬರಿನೆಲಕ್ಕೆ ಬಂದಿದ್ದ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಎದ್ದ, ಮತ್ತೆ ಹೋದವು. ಗದ್ದ ನೆಲಕ್ಕೆ ಹಚ್ಚಿ ಬಿದ್ದುಕೊಂಡ. ಪಕ್ಕೆ ಮಾತ್ರ ಬೇಗ ಬೇಗ ಏರಿಳಿಯುತ್ತಿತ್ತು. ಹೊಳೆಯುವ ನೆಲದೊಳಗೆ ಅವನಷ್ಟೇ ದೊಡ್ಡ ಇನ್ನೊಂದು ಮೊಲ ಅವನನ್ನು ದಿಟ್ಟಿಸುತ್ತಿತ್ತು. ನನ್ನ ನಗು ನಿಂತಿತು.

ಮೊಲದಮ್ಮ ತಡೆಯುವ ಮೊದಲೇ ಅಮ್ಮಾವ್ರು ಬುಟ್ಟಿಯಿಂದ ಇಳಿದು ಅವನತ್ತ ಹೊರಟಳು. ಅವಳೂ ಜಾರಿದಳು. ಆದರೆ ಅವಳು ಹೆದರಿ ಕೂರಲಿಲ್ಲ. ಹೊಟ್ಟೆ ಎಳೆಯುತ್ತ ಅವನ ಬಳಿ ಹೋಗಿ, ಮೂಗಿನಿಂದ ಅವನ ಕೆನ್ನೆ ತಿವಿದು, ತಿವಿಯುತ್ತಲೇ ಅವನ ಜೊತೆ ತೆವಳಿದಳು. ಇಬ್ಬರೂ ದೇವರ ಗೂಡಿನ ಮುಂದೆ ತಲುಪಿ ನೆಟ್ಟಗೆ ಕೂತರು. ಕಾಲು ಮಡಿಸಿ, ಮೈಗೆ ಮೈ ಒತ್ತಿ, ಮಂಕು ಚೌಕದ ಮೇಲೆ.

"ಮೊಲಕ್ಕೆ ನಾಯಿ ಬೆಕ್ಕಿನ ಹಾಗೆ ಅಂಗಾಲಲ್ಲಿ ಮೆತ್ತೆ ಇಲ್ಲಮ್ಮ, ಬರೀ ಕೂದಲು" ಎಂದಳು ಮೊಲದಮ್ಮ. ಅವಳ ದನಿ ಇಳಿದಿತ್ತು. "ಗಾಜಿನ ಮೇಲೆ ಕಾಲುಚೀಲ ಹಾಕ್ಕೊಂಡು ನಡೆದ ಹಾಗೆ. ಸಣ್ಣ ಮೊಲ ಆದ್ರೆ ಹೇಗೋ ಸುಧಾರಿಸ್ಬೋದು. ಇಷ್ಟು ಭಾರದ್ದು ಒದ್ದಾಡಿದ್ರೆ ಬೆನ್ನು ಮೂಳೆಯೇ ಹೋಗುತ್ತೆ. ಯಜಮಾನರ ಕೆಲಸ ಅಂತ ಗೊತ್ತು. ಆದ್ರೆ ಈ ನೆಲದ ಮೇಲೆ ನಾನು ಬಿಡಲಾರೆ."

"ಹೊಳಪು ತೆಗೆಸಿದ್ರೆ?"

ಮಾತು ನನ್ನ ಬಾಯಿಂದಲೇ ಬಂದಿತ್ತು. ಅವಳು ನೆಲವನ್ನೂ ನನ್ನನ್ನೂ ನೋಡಿದಳು. "ಬೂದಣ್ಣನ್ನ ಕೇಳಿದವರು ವಾರದ ಕೊನೆಗೆ ಬರ್ತಾರೆ. ಅಲ್ಲಿವರೆಗೆ ಕಾಯ್ತೀನಿ" ಎಂದಳು.

ಅಂದೇ ಮೈದುನನನ್ನು ಕರೆಸಿದೆ. ನಾನು ಈ ಮನೆಗೆ ಬಂದಾಗ ಅವನಿನ್ನೂ ನನ್ನ ಕೈಯಿಂದ ತಲೆ ಬಾಚಿಸಿಕೊಳ್ಳುವ ವಯಸ್ಸಿನವನು. ಈಗ ಅವನ ಮೀಸೆಯೂ ನರೆತಿದೆ. ಹೇಳಿದ್ದನ್ನೆಲ್ಲ ಕೇಳಿ ಎದ್ದು ನಿಂತ.

"ಅತ್ತಿಗೆ, ನೀವು ಬೇರೆ ಏನು ಹೇಳಿದ್ರೂ ಮಾಡ್ತೀನಿ. ಇದಾಗಲ್ಲ."

"ಯಾಕಾಗಲ್ಲ? ನಿನ್ನ ಹತ್ರ ಮೆಷಿನ್ ಇಲ್ವಾ?"

"ಅಣ್ಣನ ಕೈ ಇದೆ ಅತ್ತಿಗೆ ಇಲ್ಲಿ. ಹೋದವರ ಕೈನ ಯಾರಾದ್ರೂ ಉಜ್ಜಿ ಅಳಿಸ್ತಾರಾ? ಎರಡು ಮೊಲಕ್ಕೋಸ್ಕರ?"

"ಅವರೇ ತರ್ತೀನಿ ಅಂದಿದ್ದ ಮೊಲ ಕಣೋ."

"ಅಂದಿದ್ದ, ತರ್ಲಿಲ್ಲ. ಯಾಕೆ ಅಂತ ಯೋಚ್ನೆ ಮಾಡಿದ್ರಾ? ಈ ನೆಲ ಬಿಟ್ಟುಕೊಡೋಕೆ ಅವನಿಗೇ ಮನಸ್ಸು ಬಂದಿರಲ್ಲ."

ವಾರಗಿತ್ತಿ ಅವನ ತೋಳು ಜಗ್ಗಿದಳು. ಅವನು ಚಪ್ಪಲಿಗೂ ಸರಿಯಾಗಿ ಕಾಲು ತೂರಿಸದೆ ಹೊರಟುಹೋದ.

ಅವನ ಮಾತು ನನ್ನನ್ನು ಕೊರೆಯಿತು. ನಿಜವಿದ್ದರೂ ಇರಬಹುದು. ಸಂಜೆಯ ಬಿಸಿಲು ನೆಲದ ಮೇಲೆ ಬಿದ್ದು, ಅಲ್ಲಿಂದ ಎದ್ದು, ಗೋಡೆಯ ಮೇಲೆ ಆಡುತ್ತಿತ್ತು. ಅವರಿದ್ದಾಗ ಈ ಹೊತ್ತಿಗೆ ಕುರ್ಚಿ ಎಳೆದು ಕೂತು ಅದನ್ನೇ ನೋಡುತ್ತಿದ್ದರು. ಈ ಬೆಳಕನ್ನೂ ಕಳೆದುಕೊಂಡರೆ ಇನ್ನೇನು ಉಳಿಯುತ್ತದೆ ನನಗೆ? ಆದರೆ ಕಣ್ಣು ಮುಚ್ಚಿದರೆ, ಒಂದೇ ಕಣ್ಣಿನ ಆ ಪ್ರಾಣಿ ಪಕ್ಕದಲ್ಲಿ ಯಾರೂ ಇಲ್ಲದೆ ಹುಲ್ಲಿನೆದುರು ಕೂತದ್ದು ಕಾಣುತ್ತಿತ್ತು. ಊಟದ ತಟ್ಟೆಯೆದುರು ಹಾಗೆ ಕೂರುವುದೆಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೈಕಾಲು ತೊಳೆದು ಪ್ರಾರ್ಥನೆಗೆ ನಿಂತೆ. ಅವತ್ತು ದೇವರಿಗೆ ಕೃತಜ್ಞತೆಯನ್ನೂ ಹೇಳಲಿಲ್ಲ, ಜಗಳವನ್ನೂ ಆಡಲಿಲ್ಲ. ಏನು ಮಾಡಲಿ ಹೇಳು ಎಂದು ಕೇಳಿದೆ. ನಾನು ತಲೆ ತಗ್ಗಿಸಿ ನಿಂತೇ ಇದ್ದೆ. ಕಣ್ಣಿಗೆ ಕಂಡದ್ದು ನನ್ನ ಒದ್ದೆ ಪಾದಗಳು. ಅವು ಮಂಕು ಚೌಕದ ಮೇಲೆ ಅಲುಗದೆ ಊರಿದ್ದವು.

ಒಂದು ಕಾಲನ್ನು ಚೌಕದ ಆಚೆಗೆ ಇಟ್ಟೆ. ಜಾರಿತು. ಗೂಡಿನ ಅಂಚು ಹಿಡಿದುಕೊಂಡೆ.

ಆಗ ನೆನಪಾಯಿತು. ಬಹಳ ವರ್ಷಗಳ ಹಿಂದೆ, ನೆಲ ಹೊಸದಾಗಿದ್ದಾಗ, ಇಲ್ಲೇ ನಾನು ಜಾರಿ ಬಿದ್ದಿದ್ದೆ. ಮೊಣಕೈ ಊದಿಕೊಂಡಿತ್ತು, ಅಷ್ಟೇ. ಅವರು ಎಣ್ಣೆ ಕಾಯಿಸಿ ಹಚ್ಚಿದರು. ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಬಿದ್ದದ್ದು ಮರೆತೇಹೋಗಿತ್ತು. ಮಂಕು ಚೌಕ ಅದಕ್ಕೆ ಮೊದಲೂ ಇತ್ತೇ, ಆಮೇಲೆ ಬಂತೇ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಮರುದಿನ ಮೈದುನನೇ ಬಂದ. ಮೆಷಿನ್ ತಂದಿರಲಿಲ್ಲ. ದಪ್ಪ ಪ್ಲಾಸ್ಟಿಕ್ ಹೊದಿಕೆಯ ಸುರುಳಿಯೊಂದನ್ನು ಹೆಗಲ ಮೇಲೆ ಹೊತ್ತಿದ್ದ, ಹಿಂದೆ ಹೆಂಡತಿ. "ಇದನ್ನ ಗೋಡೆಯಿಂದ ಗೋಡೆಗೆ ಅಂಟಿಸಿಬಿಡ್ತೀನಿ. ನೆಲಕ್ಕೂ ಏನೂ ಆಗಲ್ಲ, ನಿಮ್ಮ ಮೊಲಕ್ಕೂ ಏನೂ ಆಗಲ್ಲ."

"ಅಂಚು ಕಿತ್ತು ತಿಂತಾವೆ ಕಣೋ. ಅದಿರಲಿ, ಮೊದಲು ಇಲ್ಲಿ ಬಾ. ಈ ಚೌಕ ನೋಡಿ ಹೇಳು. ನಿಮ್ಮಣ್ಣ ಇದನ್ನ ಪಾಲಿಶ್ ಮಾಡದೆ ಬಿಟ್ಟಿದ್ದು ತಾನೆ?"

"ಅಷ್ಟೇ. ನೀವೇ ಹೇಳ್ತಿದ್ರಲ್ಲ, ಸೊಂಟ ನೋವು ಅಂತ."

"ನಾನು ಹೇಳಿದ್ದು ಬಿಡು. ನೀನು ನೋಡು."

ಅವನು ಸುರುಳಿ ಕೆಳಗಿಟ್ಟ. ಈ ಕಸುಬಿನವರು ನೆಲವನ್ನು ನಿಂತು ನೋಡುವುದಿಲ್ಲ. ಕೆನ್ನೆ ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಎದುರಾಗಿ ನೋಡುತ್ತಾರೆ. ಅವನೂ ಹಾಗೆಯೇ ಮಲಗಿ ನೋಡಿದ. ಬಹಳ ಹೊತ್ತು ಏಳಲಿಲ್ಲ. ಬೆರಳಿನಿಂದ ಚೌಕದ ಅಂಚು ಸವರಿದ. ಗೂಡಿನ ಕಾಲುಗಳ ನಡುವೆ ಕೈ ತೂರಿಸಿ ಗೋಡೆಯ ಬುಡದಲ್ಲಿ ತಡವಿದ.

"ಇಲ್ಲಿ ಹೊಳಪಿದೆ" ಎಂದ. "ಗೂಡಿನ ಅಡಿಯಲ್ಲಿ ಪೂರ್ತಿ ಹೊಳಪಿದೆ ಅತ್ತಿಗೆ. ಇದು ಬಿಟ್ಟಿದ್ದಲ್ಲ. ಎಲ್ಲ ನೆಲದ ಹಾಗೆ ಇದಕ್ಕೂ ಪಾಲಿಶ್ ಆಗಿದೆ. ಆಮೇಲೆ ತೆಗೆದಿದ್ದಾನೆ. ಮೆಷಿನ್ ಅಲ್ಲ, ಅಂಚು ಸೊಟ್ಟಗಿದೆ. ಕೈಯಲ್ಲೇ ಉಜ್ಜಿದ್ದು."

"ನಾನು ಬಿದ್ದ ಮೇಲೆ" ಎಂದೆ.

ಅವನು ಎದ್ದು ಕೂತ, ಮತ್ತೆ ಬಗ್ಗಿದ. ಅವನ ಹುಬ್ಬು ಗಂಟಿಕ್ಕಿತ್ತು. "ಒಂದ್ಸಲ ಉಜ್ಜಿ ಬಿಟ್ಟಿದ್ದೂ ಅಲ್ಲ ಇದು. ದಿನಾ ಕಾಲಾಡೋ ಜಾಗ ತಾನಾಗೇ ನಯ ಆಗುತ್ತೆ. ಹೊಸಿಲು ನೋಡಿ, ಯಾರೂ ಪಾಲಿಶ್ ಮಾಡದೆ ಹೇಗೆ ಹೊಳೀತಿದೆ. ನೀವು ಇಷ್ಟು ವರ್ಷ ಇಲ್ಲಿ ನಿಂತಿದ್ದೀರಿ, ಕೂತಿದ್ದೀರಿ. ಇಷ್ಟು ಹೊತ್ತಿಗೆ ಇದು ಗಾಜಾಗಿರ್ಬೇಕಿತ್ತು. ಆಗಿಲ್ಲ ಅಂದ್ರೆ, ನೀವು ಹೊಳೆಸಿದ ಹಾಗೆಲ್ಲ ಅವನು ತೆಗೀತಾ ಬಂದಿದ್ದಾನೆ."

"ಯಾವಾಗ? ನಾನು ಮನೆಯಲ್ಲೇ ಇರ್ತೀನಲ್ಲ."

ಕೇಳಿದ ಪ್ರಶ್ನೆಗೆ ಉತ್ತರ ನನ್ನಲ್ಲೇ ಇತ್ತು. ನಾನು ವಾರದ ಪ್ರಾರ್ಥನೆಗೆ ಹೋಗಿ ಬಂದಾಗ ಒಮ್ಮೊಮ್ಮೆ ಯಜಮಾನರು ನಡುಮನೆ ಒರೆಸಿ, ಬಟ್ಟೆ ಹಿಂಡಿ ಹಾಕಿರುತ್ತಿದ್ದರು. ನನಗೆ ಕೆಲಸ ಹಗುರಾಗಲೆಂದು ಒರೆಸಿದ್ದಾರೆಂದು ಹಿಗ್ಗುತ್ತಿದ್ದೆ. ಉಗುರಿನ ಸಂದಿಯ ಬೂದಿ ಕೆಸರು ಅವರಿಗೆ ಎಂದೂ ಇದ್ದದ್ದೇ, ನೋಡಿದರೂ ಕಾಣುತ್ತಿರಲಿಲ್ಲ.

ಮೈದುನ ಸುತ್ತ ಕಣ್ಣಾಡಿಸಿ, ಒಳಕೋಣೆಯ ಬಾಗಿಲು ಬಡಿಯದಿರಲೆಂದು ಇಟ್ಟಿದ್ದ ಕಲ್ಲನ್ನು ಎತ್ತಿಕೊಂಡ. ವರ್ಷಗಟ್ಟಲೆ ಅಲ್ಲೇ ಇದ್ದ ಕಲ್ಲು, ಗುಡಿಸುವಾಗ ಕಾಲಿನಿಂದ ಸರಿಸುತ್ತಿದ್ದೆ. ಅದನ್ನು ತಿರುಗಿಸಿದ. ಅಡಿ ಸವೆದು ಸಮತಟ್ಟಾಗಿತ್ತು. ಮೇಲೆ ಹೆಬ್ಬೆರಳು ಕೂರುವಲ್ಲಿ ಒಂದು ಗುಳಿ ಬಿದ್ದಿತ್ತು.

"ಉಜ್ಜೋ ಕಲ್ಲು" ಎಂದ. ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟ. ಅದು ಸರಿಯಾಗಿ ಕೂತಿತು. ಅಣ್ಣತಮ್ಮಂದಿರ ಕೈ ಒಂದೇ ಅಚ್ಚು. ಕಲ್ಲು ಹಿಡಿದೇ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತ. ನಾನೂ ಅವನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟೆ. ಯಜಮಾನರು ಹೋದ ದಿನ ಓಡಾಟದಲ್ಲಿ ಅವನಿಗೆ ಅಳಲು ಪುರುಸೊತ್ತಾಗಿರಲಿಲ್ಲ.

ವಾರಗಿತ್ತಿ ಒಳಗಿನಿಂದ ನೀರು ತಂದಳು. "ನೀರು ಕುಡಿಯೋಕಾ, ನೆಲಕ್ಕೆ ಹಾಕೋಕಾ? ಯಾವುದಾದ್ರೂ ಒಂದು ಹೇಳಿ, ಚೊಂಬು ಭಾರ ಇದೆ."

ಮೈದುನ ಮೂಗೊರೆಸಿಕೊಂಡು ಚೊಂಬು ತೆಗೆದುಕೊಂಡ. ಅರ್ಧ ಕುಡಿದ. ಉಳಿದದ್ದನ್ನು ಚೌಕದ ಅಂಚಿನಾಚೆ ಹೊಳೆಯುವ ನೆಲದ ಮೇಲೆ ಸುರಿದು, ಅಣ್ಣನ ಕಲ್ಲನ್ನು ಅದರ ಮೇಲಿಟ್ಟು, ನನ್ನ ಮುಖ ನೋಡಿದ.

"ಆಮೇಲೆ ಬೇಜಾರು ಮಾಡ್ಕೊಬಾರ್ದು ಅತ್ತಿಗೆ."

"ಮಾಡ್ಕೊಂಡ್ರೆ ನಾನೂ ದೇವರೂ ನೋಡ್ಕೋತೀವಿ. ನೀನು ಉಜ್ಜು."

ಚೌಕದ ಸುತ್ತ ಒಂದು ಮೊಳದಷ್ಟನ್ನು ಅವನು ಕೈಯಲ್ಲೇ ಮಾಡಿದ. ಉಳಿದದ್ದಕ್ಕೆ ಮೆಷಿನ್ ತಂದ. ನಯವಾದ ಕಲ್ಲಿನಿಂದ ಒರಟು ಕಲ್ಲಿಗೆ, ಅದರಿಂದ ಇನ್ನೂ ಒರಟು ಕಲ್ಲಿಗೆ, ಕಸುಬನ್ನು ತಲೆಕೆಳಗು ಮಾಡುತ್ತ ಹೋದ. ಕಿಟಕಿ ನೆಲದಿಂದ ಸ್ವಲ್ಪ ಸ್ವಲ್ಪವಾಗಿ ಅಳಿಸಿಹೋಗುವುದನ್ನು ನಾನು ಕೂತು ನೋಡಿದೆ. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಕುರ್ಚಿಯ ಕೆಳಗೆ ಬಂದಾಗ ಮೈದುನ ಮೆಷಿನ್ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಎದ್ದು ಕುರ್ಚಿಯನ್ನು ಪಕ್ಕಕ್ಕೆ ಸರಿಸಿದೆ. ಗೂಡಿನ ಅಡಿಯ ಹೊಳಪು ಮಾತ್ರ ಮೆಷಿನ್ನಿಗೆ ಎಟುಕದೆ ಹಾಗೇ ಉಳಿಯಿತು.

ಕೆಸರನ್ನೆಲ್ಲ ತೊಳೆದು ಒಣಗಿಸಿದ ಮೇಲೆ ಮನೆ ಮಳೆ ಬರುವ ಮುಂಚಿನ ಆಕಾಶದ ಬಣ್ಣಕ್ಕೆ ತಿರುಗಿತ್ತು. ವಾರಗಿತ್ತಿ ಹೊಸಿಲಲ್ಲಿ ನಿಂತು ನೋಡಿದಳು.

"ಇನ್ನು ಮೇಲೆ ಬಂದವರು ನೇರವಾಗಿ ಒಳಗೇ ಬರ್ತಾರೆ. ಕಾಫಿ ಖರ್ಚು ಜಾಸ್ತಿ ನಿಮಗೆ."

ವಾರದ ಕೊನೆಗೆ ಮೊದಲೇ ಮೊಲದಮ್ಮ ಬುಟ್ಟಿ ಹೊತ್ತು ಬಂದಳು. ಬೂದಣ್ಣ ಇಳಿದವನು ಕದಲಲಿಲ್ಲ. ಹೋದ ಸಲದ ನೆಲ ಅವನಿಗೆ ನೆನಪಿತ್ತು. ಮುಂಗಾಲು ಒಂದನ್ನು ಚಾಚಿ ಒತ್ತಿ ನೋಡಿದ. ಇನ್ನೊಂದನ್ನು ಚಾಚಿದ. ಅಮ್ಮಾವ್ರು ಬಂದು, ಕಾಣದ ಕಡೆಗೆ ಅವನಿರುವಂತೆ ಪಕ್ಕದಲ್ಲಿ ನಿಂತಳು. ಇಬ್ಬರೂ ಒಟ್ಟಿಗೆ ಎರಡು ಹೆಜ್ಜೆ ಇಟ್ಟರು. ಆಮೇಲೆ ಬೂದಣ್ಣ ಗೋಡೆಯಿಂದ ಗೋಡೆಗೆ ಓಡಿದ, ತಿರುಗಿದ, ಗಾಳಿಯಲ್ಲಿ ಮೈ ತಿರುಚಿ ನೆಗೆದು ನಾಲ್ಕು ಕಾಲ ಮೇಲೆ ಇಳಿದ. ಕಾಲು ಊರಿತು. ಮೊಲದಮ್ಮ ಖಾಲಿ ಬುಟ್ಟಿಯ ಮುಚ್ಚಳ ಹಾಕಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಆ ಮನೆಯವರಿಗೆ ಇಲ್ಲ ಅಂದುಬಿಡ್ತೀನಿ" ಎಂದಳು.

ಸಂಜೆ ನಾನು ಕೈಕಾಲು ತೊಳೆದು ಬಂದಾಗ ಇಬ್ಬರೂ ದೇವರ ಗೂಡಿನ ಮುಂದೆ, ಹಳೆಯ ಚೌಕವಿದ್ದ ಜಾಗದಲ್ಲೇ ಮೈಚಾಚಿ ಮಲಗಿದ್ದರು. ಈಗ ಎಲ್ಲ ನೆಲವೂ ಒಂದೇ, ಆದರೂ ಅವರಿಗೆ ಅದೇ ಬೇಕು. ದೀಪ ಹಚ್ಚಲು ಜಾಗವಿರಲಿಲ್ಲ.

"ಸ್ವಲ್ಪ ಸರೀರಿ ಅಮ್ಮಾವ್ರೇ" ಎಂದೆ.

ಒಂದು ಕಿವಿ ಎದ್ದಿತು, ಮತ್ತೆ ಬಿತ್ತು. ಅಷ್ಟೇ ಉತ್ತರ.

ನಾನು ಪಕ್ಕಕ್ಕೆ ಸರಿದು, ಎಂದೂ ನಿಲ್ಲದಿದ್ದ ಕಡೆ ನಿಂತು, ಕೈಚಾಚಿ ದೀಪ ಹಚ್ಚಿದೆ. ಕಾಲು ಒದ್ದೆಯಾಗಿತ್ತು. ಜಾರಲಿಲ್ಲ.